ಸೌಂದರ್ಯವಾಚಕ ಶಬ್ದಗಳ ವ್ಯಾಸಂಗಕ್ರಮ

ಕನ್ನಡ ಪಾಠಪುಸ್ತಕಗಳಲ್ಲಿ ‘ಸಮಾನಾರ್ಥಕ ಪದಗಳನ್ನು ಬರೆಯಿರಿ’ ಎಂಬ ಅಭ್ಯಾಸವೊಂದು ಬಹುಕಾಲದಿಂದ ನಡೆದುಬಂದಿರುತ್ತದೆ. ಅದರಲ್ಲಿ ‘ಸುಂದರ’ ಎಂಬುದರ ಎದುರಿಗೆ ಚೆಲುವು, ಸೊಬಗು, ಅಂದ, ಚೆಂದ, ಸೊಗಸು, ರಮಣೀಯ, ಮನೋಹರ, ಮಂಜುಳ ಎಂದು ಏಳೆಂಟು ಶಬ್ದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುವುದು ವಾಡಿಕೆ. ವಿಶೇಷಣಕ್ಕೂ ಭಾವನಾಮಕ್ಕೂ ಇರುವ ಭೇದವನ್ನು ಸಹ ಅಲ್ಲಿ ಯಾರೂ ಗಣಿಸುವುದಿಲ್ಲ. ವಿದ್ಯಾರ್ಥಿಯು ಈ ಸಾಲನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆಯುತ್ತಾನೆ. ಮರೆತವನಿಗೆ ಆಗುವ ನಷ್ಟವು ಅಲ್ಪವೇ ಸರಿ. ಮರೆಯದೆ ಉಳಿಸಿಕೊಂಡವನಿಗೆ ಆಗುವ ನಷ್ಟವು ದೊಡ್ಡದು. ಏಕೆಂದರೆ ಈ ಎಂಟು ಶಬ್ದಗಳೂ ಒಂದೇ ವಸ್ತುವಿನ ಎಂಟು ಹೆಸರುಗಳೆಂಬ ಭ್ರಮೆಯು ಅವನಲ್ಲಿ ಜೀವಮಾನಪರ್ಯಂತ ನಿಲ್ಲುತ್ತದೆ. ಎಂಟು ಹೆಸರುಗಳಿಂದ ಆಗುವ ಕೆಲಸವು ಒಂದರಿಂದಲೇ ಆಗುವುದಾದರೆ ಉಳಿದ ಏಳನ್ನು ಹೊರುವ ಗೊಡವೆ ಯಾರಿಗೆ ಬೇಕು? ಹೀಗೆ ಏಳು ಶಬ್ದಗಳು ಬಳಕೆಯಿಂದ ಜಾರಿಹೋಗುತ್ತವೆ. ಈ ಕ್ರಮವನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಪರ್ಯಾಯಪಾಠವು ಸಂಸ್ಕೃತ ಪಾಠಶಾಲೆಗಳಿಂದ ಬಂದುದೆಂದೂ, ಅಮರಕೋಶದ ಕಂಠಪಾಠವೇ ಈ ದೋಷಕ್ಕೆ ಮೂಲವೆಂದೂ ಆಧುನಿಕರಲ್ಲಿ ಕೆಲವರು ಆಕ್ಷೇಪಿಸುತ್ತಾರೆ. ಪ್ರಥಮಾ ತರಗತಿಯಿಂದ ಅಮರವನ್ನು ಬಾಯಲ್ಲಿ ತುಂಬಿಕೊಂಡು ಬಂದ ನನಗೆ ಈ ಆಕ್ಷೇಪವು ಅರ್ಧಸತ್ಯವೆಂದು ತೋರುತ್ತದೆ. ಅಮರಸಿಂಹನು ಮೂರನೆಯ ಕಾಂಡದ ವಿಶೇಷ್ಯನಿಘ್ನವರ್ಗದಲ್ಲಿ ಸುಂದರಾದಿಯಾಗಿ ಹನ್ನೆರಡು ಶಬ್ದಗಳನ್ನು ಒಂದೆಡೆ ಕೂಡಿಸಿದ್ದಾನೆ, ನಿಜ. ಆದರೆ ಅದೇ ಅಮರನು ಮೊದಲನೆಯ ಕಾಂಡದ ದಿಗ್ವರ್ಗದಲ್ಲಿ, ಚಂದ್ರನ ಪ್ರಸಂಗ ಬಂದಾಗ, ಸುಷಮೆಯನ್ನು ಶೋಭೆಯ ಪರಾಕಾಷ್ಠೆಯೆಂದು ಬೇರೆಮಾಡಿ ಹೇಳಿ, ಶೋಭೆ ಕಾಂತಿ ದ್ಯುತಿ ಛವಿಗಳನ್ನು ಇನ್ನೊಂದು ಗುಂಪಾಗಿ ಇಟ್ಟಿದ್ದಾನೆ. ಶಬ್ದಗಳಲ್ಲಿ ತಾರತಮ್ಯವುಂಟೆಂಬುದು ಕೋಶಕಾರನಿಗೆ ತಿಳಿದೇ ಇತ್ತು. ಕೋಶವು ಹಗೇವಿನಂತೆ; ಧಾನ್ಯವನ್ನು ಕೂಡಿಟ್ಟುಕೊಡುವುದು ಅದರ ಕೆಲಸ, ಅಡಿಗೆಯು ವ್ಯಾಖ್ಯಾನಕಾರನ ಕೆಲಸ. ಕ್ಷೀರಸ್ವಾಮಿ, ಭಾನುಜಿದೀಕ್ಷಿತ ಮೊದಲಾದವರು ಪ್ರತಿಯೊಂದು ಶಬ್ದದ ಧಾತುವನ್ನು ಬಿಡಿಸಿ ತೋರಿಸಿದ್ದಾರೆ. ಕನ್ನಡದಲ್ಲಿ ನಾಚಿರಾಜನ ವ್ಯಾಖ್ಯಾನವುಂಟು. ಹಿಂದಿನ ಪಾಠಶಾಲೆಯಲ್ಲಿ ಮೂಲದ ಹಿಂದೆಯೇ ವ್ಯಾಖ್ಯಾನವೂ, ವ್ಯಾಖ್ಯಾನದ ಹಿಂದೆ ಕಾವ್ಯಪಾಠವೂ ಬರುತ್ತಿದ್ದುವು. ಇಂದಿನ ಕನ್ನಡ ಪಾಠಕ್ರಮವು ಮೊದಲನೆಯ ಮೆಟ್ಟಿಲನ್ನು ಮಾತ್ರ ಎರವಲು ತಂದು ಉಳಿದ ಎರಡನ್ನೂ ಅಲ್ಲಿಯೇ ಬಿಟ್ಟುಬಂದಿತು. ದೋಷವು ಅಮರನದಲ್ಲ, ಎರವಲು ತಂದವರದು.

ಶಾಸ್ತ್ರದೃಷ್ಟಿಯಿಂದಲೂ ಈ ಸಾಲು ನಿಲ್ಲಲಾರದು. ಎರಡು ಶಬ್ದಗಳು ಪರ್ಯಾಯಗಳಾಗಬೇಕಾದರೆ ಅವೆರಡಕ್ಕೂ ಶಕ್ಯತಾವಚ್ಛೇದಕವು ಒಂದೇ ಆಗಿರಬೇಕೆಂದು ನೈಯಾಯಿಕರು ನಿಯಮಿಸುತ್ತಾರೆ. ಎಂದರೆ, ಎರಡೂ ಒಂದೇ ವಸ್ತುವನ್ನು ತೋರಿಸಿದರೆ ಸಾಲದು. ಯಾವ ಧರ್ಮವನ್ನು ಮುಂದಿಟ್ಟುಕೊಂಡು ತೋರಿಸುತ್ತವೆಯೋ ಆ ಧರ್ಮವೂ ಒಂದೇ ಆಗಿರಬೇಕು. ಘಟ, ಕಲಶ ಎಂಬಲ್ಲಿ ಇದು ಸರಿಹೋಗುತ್ತದೆ. ಚಾರು, ಮಂಜುಲ ಎಂಬಲ್ಲಿ ಸರಿಹೋಗುವುದಿಲ್ಲ. ಮಂಜುಲವು ಪ್ರಾಯಿಕವಾಗಿ ಕಿವಿಯ ಕಡೆಗೆ ಒಲಿದಿರುವ ಶಬ್ದ; ಕನ್ನಡದಲ್ಲಿಯೂ ‘ಮಂಜುಳ ಧ್ವನಿ’ ಎಂದರೆ ಹಿತವಾಗಿರುತ್ತದೆ, ‘ಮಂಜುಳ ಗೋಪುರ’ ಎಂದರೆ ನಗೆಗೀಡು. ಆಲಂಕಾರಿಕರಲ್ಲಿ ಕುಂತಕನು ಪರ್ಯಾಯವಕ್ರತೆಯೆಂಬ ಒಂದು ಪ್ರಕಾರವನ್ನೇ ಎಣಿಸಿದನು. ಹಲವು ಹೆಸರುಗಳಿರುವಾಗ ಕವಿಯು ಒಂದನ್ನೇ ಆರಿಸುವುದರಲ್ಲಿ ಚಮತ್ಕಾರವಿದೆಯೆಂದು ಒಪ್ಪಬೇಕಾದರೆ, ಆ ಹೆಸರುಗಳೊಳಗೆ ಭೇದವಿದೆಯೆಂದು ಮೊದಲೇ ಒಪ್ಪಿದಂತಾಯಿತು.

ಇದಕ್ಕಿಂತ ಗುರುತರವಾದ ಇನ್ನೊಂದು ತೊಡಕುಂಟು. ಸಂಸ್ಕೃತದ ಸೌಂದರ್ಯವಾಚಕಗಳು ಕನ್ನಡಕ್ಕೆ ಬಂದಮೇಲೆ ತಮ್ಮ ಹಳೆಯ ಮನೆಯನ್ನು ಬಿಟ್ಟು ಬೇರೆ ಬೇರೆ ಮನೆಗಳನ್ನು ಹೊಕ್ಕಿವೆ. ‘ಶೋಭನ’ವನ್ನೇ ನೋಡಿರಿ. ಸಂಸ್ಕೃತದಲ್ಲಿ ಅದು ಒಳ್ಳೆಯದು, ಮಂಗಳಕರವಾದುದು, ಸುಂದರವಾದುದು ಎಂದಾಗುತ್ತದೆ. ಕನ್ನಡದ ಮನೆಗಳಲ್ಲಿ ಶೋಭನವೆಂದರೆ ಪ್ರಸ್ತದ ಶುಭಕಾರ್ಯ. ಅದೇ ಶಬ್ದವು ಇನ್ನೂ ಕೆಳಗಿಳಿದು ‘ಸೋಬಾನೆ’ಯಾಗಿ, ಮದುವೆಮನೆಯಲ್ಲಿ ಹೆಂಗಸರು ಹಸೆಯ ಮುಂದೆ ಕುಳಿತು ಹಾಡುವ ಪದಗಳ ಹೆಸರಾಗಿ ನಿಂತಿದೆ. ಕೋಶವನ್ನು ನಂಬಿ ‘ಶೋಭನವಾದ ಪುಸ್ತಕ’ವೆಂದು ಬರೆದ ಹುಡುಗನನ್ನು ಅವನ ಅಜ್ಜಿಯೇ ನಕ್ಕು ತಿದ್ದಿಯಾಳು. ‘ಸಾಧು’ ಎಂಬುದೂ ಅಮರನ ಹನ್ನೆರಡರೊಳಗೆ ಒಂದು. ಕನ್ನಡದಲ್ಲಿ ಸಾಧುವೆಂದರೆ ಹಾಯದ ಹಸು, ಇಲ್ಲವೆ ಸಂನ್ಯಾಸಿ. ‘ರುಚ್’ ಧಾತುವಿಗೆ ಹೊಳೆಯುವುದೇ ಮೊದಲ ಅರ್ಥ. ರುಚಿರವು ಆ ಹೊಳಪನ್ನು ಉಳಿಸಿಕೊಂಡಿತು, ನಮ್ಮ ‘ರುಚಿ’ಯು ಕಣ್ಣನ್ನು ಬಿಟ್ಟು ನಾಲಗೆಗೆ ಇಳಿಯಿತು. ‘ಕಾಂತ’ನು ಗಂಡನಾದನು, ಅಯಸ್ಕಾಂತದಲ್ಲಿ ಕಬ್ಬಿಣವನ್ನು ಸೆಳೆಯುವ ಕಲ್ಲಾದನು. ‘ಲಾವಣ್ಯ’ವು ಮಾತ್ರ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿಲ್ಲ. ಅದರೊಳಗೆ ಲವಣವೇ, ಎಂದರೆ ಉಪ್ಪೇ, ಕುಳಿತಿದೆ. ಉಪ್ಪು ಹೇಗೆ ಕಣ್ಣಿಗೆ ಬೇರೆಯಾಗಿ ಕಾಣದೆ ಅನ್ನದಲ್ಲೆಲ್ಲ ವ್ಯಾಪಿಸಿರುವುದೋ ಹಾಗೆ ಅವಯವಗಳಲ್ಲಿ ಯಾವೊಂದರಲ್ಲಿಯೂ ನಿಲ್ಲದೆ ಎಲ್ಲವನ್ನೂ ತುಂಬಿರುವ ಚೆಲುವು ಅದು. ಆನಂದವರ್ಧನನು ಕಾವ್ಯದ ಪ್ರತೀಯಮಾನಾರ್ಥಕ್ಕೆ ದೃಷ್ಟಾಂತ ಕೊಡಬೇಕಾದಾಗ ಅಂಗನೆಯರ ಲಾವಣ್ಯವನ್ನು ಹೇಳಿದನೇ ಹೊರತು ಸೌಂದರ್ಯವೆನ್ನಲಿಲ್ಲ, ಶೋಭೆಯೆನ್ನಲಿಲ್ಲ. ಪರ್ಯಾಯಪಾಠವನ್ನು ನಂಬಿದವನಿಗೆ ಆ ಆಯ್ಕೆಯ ಮರ್ಮವು ತಿಳಿಯುವಂತೆಯೇ ಇಲ್ಲ.

ಇನ್ನು ಅಚ್ಚಗನ್ನಡ ಮತ್ತು ತದ್ಭವ ಶಬ್ದಗಳ ವಿಚಾರ. ಇಲ್ಲಿಯೇ ನಮ್ಮ ಸಂಪತ್ತು ಹೆಚ್ಚು, ಅನಾದರವೂ ಹೆಚ್ಚು.

‘ಒಪ್ಪ’ವನ್ನು ಮೊದಲು ತೆಗೆದುಕೊಳ್ಳೋಣ. ಹಳಗನ್ನಡದಲ್ಲಿ ‘ಒಪ್ಪು’ ಎಂಬ ಕ್ರಿಯೆಗೆ ಹೊಂದುವುದು, ಸಮ್ಮತಿಸುವುದು, ಶೋಭಿಸುವುದು ಎಂದು ಅರ್ಥಗಳು. ಅಕ್ಕಸಾಲಿಗನು ಒಡವೆಗೆ ಹಾಕುವ ಮೆರುಗೂ ಒಪ್ಪವೇ. ಶಾಸನಗಳಲ್ಲಿ ಅರಸನ ರುಜುವಿಗೂ ಒಪ್ಪವೆಂದೇ ಹೆಸರು. ಒಪ್ಪಿಗೆ, ಒಪ್ಪಂದ, ಒಪ್ಪಓರಣ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇದರಿಂದ ತಿಳಿಯುವುದೇನು? ತನ್ನ ಸ್ಥಾನದಲ್ಲಿ ಹೊಂದಿ ಕುಳಿತಿರುವುದೇ ಚೆಲುವೆಂದು ಕನ್ನಡಿಗನ ಹಿರಿಯರು ತಿಳಿದಿದ್ದರು. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಪ್ರಾಣವೆಂದು ಗ್ರಂಥ ಬರೆದು ಸಾಧಿಸಿದ್ದನ್ನು ಕನ್ನಡ ಭಾಷೆಯು ಒಂದು ಧಾತುವಿನಲ್ಲಿಯೇ ಅಡಗಿಸಿಟ್ಟಿದೆ. ಇಂತಹ ಶಬ್ದವನ್ನು ‘ಸುಂದರ’ದ ಎದುರಿಗೆ ಬರೆದು ಮುಗಿಸುವುದೆಂದರೆ ನಾಣ್ಯವನ್ನು ಕರಗಿಸಿ ತೂಕಕ್ಕೆ ಮಾರಿದಂತೆ. ದೇವನಹಳ್ಳಿಯ ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ಗುಡಿಯನ್ನು ನೋಡಿಬಂದ ಒಬ್ಬ ಬಾಲಕನು ಅಲ್ಲಿನ ಕಂಬಗಳು ‘ಒಪ್ಪವಾಗಿವೆ’ ಎಂದು ಪ್ರಬಂಧದಲ್ಲಿ ಬರೆದಿದ್ದನು. ಶಾಲೆಯಲ್ಲಿ ಅದನ್ನು ಕೆಂಪು ಮಸಿಯಿಂದ ಹೊಡೆದು ‘ಸುಂದರವಾಗಿವೆ’ ಎಂದು ತಿದ್ದಿದ್ದರು. ಆ ಪುಸ್ತಕವನ್ನು ನಾನು ಕಣ್ಣಾರೆ ಕಂಡೆನು. ತಿದ್ದಿದವರಿಗಿಂತ ಬಾಲಕನೇ ಕನ್ನಡವನ್ನು ಚೆನ್ನಾಗಿ ಬಲ್ಲವನು.

‘ಅಂದ’ವೆಂಬುದಕ್ಕೆ ರೀತಿ, ಪ್ರಕಾರ ಎಂಬುದೂ ಅರ್ಥ, ಹಳಗನ್ನಡ ಕವಿಗಳು ಉಪಮೆಯನ್ನು ಹೇಳುವಾಗ ‘ಅಂದದಿಂ’ ಎಂದು ಬಳಸುವುದು ಸರ್ವವಿದಿತ. ಆದುದರಿಂದ ಅಂದವು ಆಕಾರದ ಚೆಲುವು. ‘ಸೊಬಗು’ ಸುಭಗಶಬ್ದದ ತದ್ಭವ, ಅದರಲ್ಲಿ ಭಾಗ್ಯವು ಸೇರಿದೆ. ‘ಸೊಗಸು’ ಸುಖದ ತದ್ಭವವಾದ ಸೊಗದಿಂದ ಬಂದುದು, ಅದರಲ್ಲಿ ನೋಡುವವನ ಹಿತವು ಸೇರಿದೆ. ಶಿವಗಂಗೆಯ ಬೆಟ್ಟವು ಸೂರ್ಯೋದಯದಲ್ಲಿ ನಿಂತಿರುವ ನಿಲುವು ಸೊಬಗು. ಅದರ ತಪ್ಪಲಿನ ಮರದ ನೆರಳಲ್ಲಿ ಕುಳಿತಾಗ ಮೈಗೆ ತಾಗುವ ಗಾಳಿಯು ಸೊಗಸು. ಮೊದಲನೆಯದು ಯಾರೂ ನೋಡದಿದ್ದರೂ ಇರುತ್ತದೆ. ‘ಸೊಗಸುಗಾರ’ನೆಂದರೆ ಉಡಿಗೆತೊಡಿಗೆಯ ಶೋಕಿಯವನು, ‘ಸೊಬಗುಗಾರ’ನೆಂಬ ಮಾತು ಹುಟ್ಟಲೇ ಇಲ್ಲ, ಹುಟ್ಟುವ ಹಾಗೂ ಇರಲಿಲ್ಲ.

‘ಚೆಲುವು’ ತಮಿಳಿನ ‘ಸೆಲ್ವಂ’ನ ಒಡಹುಟ್ಟು. ಅಲ್ಲಿ ಅದು ಸಂಪತ್ತು, ಇಲ್ಲಿ ರೂಪ. ‘ಶ್ರೀ’ ಶಬ್ದದಲ್ಲಿಯೂ ಇದೇ ಜೋಡಿಯು ಕಾಣುತ್ತದೆ, ಅದರ ತದ್ಭವವಾದ ‘ಸಿರಿ’ಯಲ್ಲಿಯೂ ಕಾಣುತ್ತದೆ. ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಮಾನ್ಯಪುರವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿದ್ದಾಗ ಎಂಟನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅರಸನ ಹೆಸರೇ ಶ್ರೀಪುರುಷ. ಆ ಹೆಸರನ್ನು ಸಂಪತ್ತಿನ ಪುರುಷನೆಂದು ಬಿಡಿಸಬೇಕೋ ಶೋಭೆಯ ಪುರುಷನೆಂದೋ ಎಂಬ ಪ್ರಶ್ನೆಯನ್ನು ಆ ಕಾಲದವರು ಕೇಳುತ್ತಲೇ ಇರಲಿಲ್ಲವೇನೋ.

‘ಬೆಡಗು’ ಮುಚ್ಚಿಟ್ಟುಕೊಂಡು ಸೆಳೆಯುವ ಚೆಲುವು. ಅಲ್ಲಮಪ್ರಭುವಿನ ಗೂಢಾರ್ಥದ ವಚನಗಳನ್ನು ಬೆಡಗಿನ ವಚನಗಳೆಂದು ಕರೆದವರು ಈ ಶಬ್ದದ ಒಳಮೈಯನ್ನು ಸರಿಯಾಗಿ ಹಿಡಿದಿದ್ದರು. (ಕುಲದ ಒಳಪಂಗಡಕ್ಕೂ ಬೆಡಗೆಂದು ಹೆಸರುಂಟು, ಅದು ಬೇರೆಯ ವಿಚಾರ.) ‘ಬಿನ್ನಾಣ’ದ ಗತಿಯಂತೂ ಶೋಚನೀಯ. ವಿಜ್ಞಾನದ ತದ್ಭವವಾಗಿ ಹುಟ್ಟಿ, ಕುಶಲತೆ ಕಲೆಗಾರಿಕೆ ಎಂದಾಗಿ, ಅಲ್ಲಿಂದ ವಿಲಾಸವೆಂದಾಗಿ, ಈಗ ‘ಬಿನ್ನಾಣಗಿತ್ತಿ’ ಎಂಬ ಬೈಗುಳಿನಲ್ಲಿ ಮಾತ್ರ ಜೀವ ಹಿಡಿದಿದೆ.

‘ಅಚ್ಚುಕಟ್ಟು’ ಎಂಬುದನ್ನು ಸೌಂದರ್ಯವಾಚಕಗಳ ಪಟ್ಟಿಯಲ್ಲಿ ಸೇರಿಸಿದವರನ್ನು ನಾನು ಕಂಡಿಲ್ಲ. ಸೇರಿಸಲೇಬೇಕು. ಕೆರೆಯ ನೀರು ಹರಿದು ಸಾಗುವಳಿಯಾಗುವ ಭೂಮಿಗೆ ಅಚ್ಚುಕಟ್ಟೆಂದು ಹೆಸರು. ಹೊಸಕೋಟೆಯ ದೊಡ್ಡಕೆರೆಯಂತಹ ಕೆರೆಗಳನ್ನು ನಂಬಿ ಬಾಳಿದ ಈ ಬಯಲುಸೀಮೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಶಬ್ದವು ಮನೆಯ ಅಡಿಗೆಗೆ, ಬರವಣಿಗೆಗೆ, ಹೆಂಗಸು ಸೀರೆಯುಟ್ಟ ಕ್ರಮಕ್ಕೆ ಒಪ್ಪುತ್ತದೆ. ಬದುಗಳು ನೆಟ್ಟಗಿದ್ದು, ಕಾಲುವೆಯ ನೀರು ಕೊನೆಯ ಗದ್ದೆಗೂ ಮುಟ್ಟಿ, ಒಂದು ಗೇಣು ನೆಲವೂ ಬರಿದಾಗದಿರುವ ಬಯಲನ್ನು ಏರಿಯ ಮೇಲಿಂದ ನೋಡಿದವನಿಗೆ ಈ ಎರಡು ಅರ್ಥಗಳು ಎರಡೆಂದು ತೋರುವುದೇ ಇಲ್ಲ.

ಈ ಮಾತುಗಳು ಕೇವಲ ಗ್ರಂಥಸ್ಥವೆಂದು ವಾಚಕಮಹಾಶಯರು ಭಾವಿಸಬಾರದು. 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂದು ಬೇರೆಯಾದ ಜಿಲ್ಲೆಯ ಸೀಮೆಯಲ್ಲಿಯೇ ಇವನ್ನು ಜೀವಂತವಾಗಿ ಕೇಳಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯು ಹೆಸರಾದುದು. ಅಲ್ಲಿಗೆ ಹಳ್ಳಿಕಾರ್ ತಳಿಯ ಜೋಡಿಗಳನ್ನು ಹೊಡೆದುಕೊಂಡು ಬರುವ ರೈತರು ಒಂದು ಎತ್ತನ್ನು ನೋಡಿ ಆಡುವ ಮಾತುಗಳು ಯಾವ ಆಲಂಕಾರಿಕನಿಗೂ ಪಾಠವಾಗಬಲ್ಲವು. ಕೊಂಬಿನ ಬಾಗನ್ನೂ ಬೆನ್ನಿನ ನೇರವನ್ನೂ ಕುರಿತಾಗ ‘ಅಂದ’. ಸುಳಿ, ಬಾಲ, ಗೊರಸುಗಳಲ್ಲಿ ದೋಷವಿಲ್ಲದಿದ್ದರೆ ‘ಲಕ್ಷಣ’. ಎರಡು ಎತ್ತುಗಳು ಎತ್ತರದಲ್ಲಿಯೂ ಬಣ್ಣದಲ್ಲಿಯೂ ಸರಿಬಿದ್ದರೆ ‘ಒಪ್ಪುವ ಜೋಡಿ’. ಗೆಜ್ಜೆ ಜೂಲುಗಳನ್ನು ತೊಡಿಸಿದಮೇಲೆ ‘ಸಿಂಗಾರ’. ಸಿಂಗಾರವನ್ನು ಕಂಡು ಲಕ್ಷಣವೆಂದು ಮೋಸಹೋದವನು ದುಡ್ಡನ್ನು ಕಳೆದುಕೊಳ್ಳುತ್ತಾನೆ. ಅಲ್ಲಿ ಶಬ್ದಭೇದವು ತಿಳಿಯದಿರುವುದಕ್ಕೆ ದಂಡವುಂಟು. ಅದಕ್ಕಾಗಿಯೇ ಭೇದವು ಉಳಿದಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿಯೂ ಹೀಗೆಯೇ. ಬಟ್ಟೆಯನ್ನು ಬೆರಳಿನಿಂದ ಸವರಿ ಹೇಳುವ ‘ನಯ’ ಬೇರೆ, ಜರಿಯನ್ನು ಬೆಳಕಿಗೆ ಹಿಡಿದು ಹೇಳುವ ‘ಹೊಳಪು’ ಬೇರೆ, ಅಂಚು ಸೆರಗುಗಳು ಒಡಲಿನ ಬಣ್ಣಕ್ಕೆ ಕೂಡಿಬಂದಾಗ ಹೇಳುವ ‘ಹೊಂದಿಕೆ’ ಬೇರೆ. ಮಗ್ಗಗಳು ವಿದ್ಯುತ್ತಿನಿಂದ ನಡೆಯತೊಡಗಿದಮೇಲೆಯೂ ಈ ಮೂರು ಒಂದಾಗಲಿಲ್ಲ.

ನಿಘಂಟುಗಳು ಈ ಭೇದವನ್ನು ಎಷ್ಟರಮಟ್ಟಿಗೆ ಕಾಪಾಡಿವೆಯೆಂಬುದನ್ನೂ ನೋಡಬೇಕು. ಹಿಂದಿನವುಗಳಲ್ಲಿ ರನ್ನಕಂದದ ಕೆಲವೇ ಪದ್ಯಗಳು ದೊರೆತಿವೆ; ನಾಗವರ್ಮನ ಅಭಿಧಾನವಸ್ತುಕೋಶವು ಸಂಸ್ಕೃತ ಶಬ್ದಗಳ ಕಡೆಗೆ ಮುಖಮಾಡಿದೆ; ಕೇಶಿರಾಜನು ಶಬ್ದಮಣಿದರ್ಪಣದ ಪ್ರಯೋಗಸಾರದಲ್ಲಿ ಹಳೆಯ ಮಾತುಗಳಿಗೆ ಅರ್ಥ ಹೇಳಿ ಉಪಕಾರ ಮಾಡಿದ್ದಾನೆ. ಈ ಸೀಮೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಹೊರತಂದ ರೈಸರೇ ಅದಕ್ಕೂ ಬಹಳ ಮುಂಚೆ ಅಮರಕೋಶವನ್ನು ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಡನೆ ಅಚ್ಚುಹಾಕಿಸಿದ್ದರು. 1894ರ ಕಿಟ್ಟೆಲರ ಕೋಶವು ಗಾದೆಗಳನ್ನೂ ಆಡುಮಾತನ್ನೂ ಸೇರಿಸಿಕೊಂಡುದರಿಂದ ಇಂದಿಗೂ ಬೆಲೆಯುಳ್ಳದ್ದು. ಆದರೆ ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕಾಗಿ ಬಂದುದರಿಂದ ಅಂದ, ಚೆಲುವು, ಸೊಬಗುಗಳ ಮುಂದೆ ಒಂದೇ ಪರಕೀಯ ಶಬ್ದವು ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಓದುವವನು ಅಲ್ಲಿಗೇ ನಿಂತುಬಿಡುತ್ತಾನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ಕೋಶವು 1995ರಲ್ಲಿ ಪೂರ್ಣವಾಯಿತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿಕೊಟ್ಟಿರುವುದರಿಂದ ಭೇದವನ್ನು ಅರಿಯಲು ಬೇಕಾದ ಸಾಮಗ್ರಿಯೆಲ್ಲವೂ ಅದರಲ್ಲಿದೆ. ಆದರೆ ಎಂಟು ಸಂಪುಟಗಳು ಹಳ್ಳಿಯ ಶಾಲೆಯ ಬೀರುವಿನಲ್ಲಿ ಇರುವುದು ಅಪರೂಪ. ಇದ್ದರೂ ಬೀಗದ ಕೈಯು ಸಿಕ್ಕುವುದು ಇನ್ನೂ ಅಪರೂಪ.

ಇಲ್ಲಿ ಒಂದು ಪೂರ್ವಪಕ್ಷ. ಭಾಷೆಯು ಬಳಸುವವರ ಸೊತ್ತು. ‘ಚೆನ್ನಾಗಿದೆ’ ಎಂಬ ಒಂದು ಮಾತಿನಿಂದ, ಇಲ್ಲವೆ ಈಗಿನವರ ‘ಸೂಪರ್’ ಎಂಬುದರಿಂದ ವ್ಯವಹಾರವು ಸಾಗುತ್ತಿರುವಾಗ ಹಳೆಯ ಶಬ್ದಗಳಿಗಾಗಿ ಮರುಗುವುದೇಕೆ? 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಮೇಲೆ ಆ ದಾರಿಯುದ್ದಕ್ಕೂ ಎದ್ದ ಬಡಾವಣೆಗಳ ಫಲಕಗಳಲ್ಲಿ ಕನ್ನಡದ ಒಂದಾದರೂ ಸೌಂದರ್ಯವಾಚಕವು ಕಾಣುವುದು ಕಷ್ಟ. ಜನರು ಅದರಿಂದ ಕಂಗೆಟ್ಟಂತೆಯೂ ತೋರುವುದಿಲ್ಲವಲ್ಲ, ಎಂದು.

ಇದಕ್ಕೆ ಸಮಾಧಾನ. ‘ಚೆನ್ನ’ವೆಂಬುದು ಅಲ್ಪಶಬ್ದವೇನೂ ಅಲ್ಲ, 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆಗೊಂಡ ದೇವರನ್ನು ಜನರು ಚೆನ್ನಕೇಶವನೆಂದು ಕರೆದರು. ಅಂತಹ ಶಬ್ದವು ಊಟಕ್ಕೂ ಹವೆಗೂ ಲೆಕ್ಕಪತ್ರಕ್ಕೂ ಸಮನಾಗಿ ಸವೆದು ಇಂದು ಬರಿಯ ತಲೆಯಾಡಿಸುವಿಕೆಯಾಗಿದೆ. ಸವೆದ ಶಬ್ದವನ್ನು ನಾನು ದೂಷಿಸುವುದಿಲ್ಲ. ನಿತ್ಯದ ಮಾತಿಗೆ ಅದು ಬೇಕು. ನನ್ನ ಆಕ್ಷೇಪವು ಬೇರೆ. ‘ಸೂಪರ್’ ಎಂದವನಿಗೆ ಏನು ಇಷ್ಟವಾಯಿತೆಂದು ಕೇಳಿದರೆ ಉತ್ತರ ಹೇಳಲು ಅವನ ಬಳಿ ಮುಂದಿನ ಶಬ್ದವಿರಬೇಕಷ್ಟೆ. ಅದು ಇಲ್ಲದಿದ್ದರೆ ತನಗೆ ಏನು ಕಂಡಿತೆಂಬುದೇ ಅವನಿಗೆ ತಿಳಿಯದೆ ಹೋಗುತ್ತದೆ. ಜಾತ್ರೆಯಲ್ಲಿ ಲಕ್ಷಣಕ್ಕೂ ಸಿಂಗಾರಕ್ಕೂ ಭೇದವರಿಯದವನ ಗತಿಯೇ ಕಾವ್ಯವನ್ನೋದುವಲ್ಲಿಯೂ, ಮನೆ ಕಟ್ಟಿಸುವಲ್ಲಿಯೂ, ಮಗಳಿಗೆ ಸೀರೆ ಕೊಳ್ಳುವಲ್ಲಿಯೂ ಇವನದಾಗುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಕಂಠಪಾಠವನ್ನು ಬಿಡಬೇಕೆಂದು ನಾನು ಹೇಳಲಾರೆ; ಬಾಯಲ್ಲಿಲ್ಲದ ಶಬ್ದವು ಬೇಕಾದಾಗ ಒದಗುವುದಿಲ್ಲ. ಆದರೆ ಪಾಠದ ಗುಂಪುಗಳನ್ನು ಬದಲಿಸಬೇಕು. ಭರತನು ನಾಟ್ಯಶಾಸ್ತ್ರದಲ್ಲಿ ನಾಯಿಕೆಯ ಅಲಂಕಾರಗಳನ್ನು ಇಪ್ಪತ್ತಾಗಿ ಎಣಿಸುವಾಗ ಶೋಭೆ, ಕಾಂತಿ, ದೀಪ್ತಿಗಳನ್ನು ಮೂರು ಮೆಟ್ಟಿಲುಗಳಾಗಿ ಇಟ್ಟನು: ರೂಪಯೌವನಾದಿಗಳಿಂದ ಅಂಗಗಳು ಬೆಳಗುವುದು ಶೋಭೆ, ಅದಕ್ಕೆ ಮನ್ಮಥವಿಕಾರವು ತುಂಬಿದಾಗ ಕಾಂತಿ, ಅದು ಮೇರೆವರಿದಾಗ ದೀಪ್ತಿ. ತೊಡಿಗೆಯು ಅಲ್ಪವಾಗಿದ್ದು ಚೆಲುವು ಅಧಿಕವಾದರೆ ಅದಕ್ಕೆ ವಿಚ್ಛಿತ್ತಿಯೆಂದು ಬೇರೆ ಹೆಸರನ್ನೇ ಕೊಟ್ಟನು. ಸಾಮ್ಯದಿಂದಲ್ಲದೆ ಭೇದದಿಂದ ಶಬ್ದವನ್ನು ಕಲಿಸುವ ಮಾರ್ಗವಿದು. ಕನ್ನಡ ಶಬ್ದಗಳನ್ನೂ ಹೀಗೆ ಇಂದ್ರಿಯದಿಂದ, ವಸ್ತುವಿನಿಂದ, ತಾರತಮ್ಯದಿಂದ ವಿಂಗಡಿಸಬಹುದು: ಕಿವಿಗೆ ಇಂಪು, ಮೂಗಿಗೆ ಕಂಪು, ಕೈಗೆ ನಯ, ಕಣ್ಣಿಗೆ ಅಂದ, ಕ್ರಮಕ್ಕೆ ಓರಣ, ಹೊಂದಿಕೆಗೆ ಒಪ್ಪ, ಮರೆಗೆ ಬೆಡಗು.

ಪರೀಕ್ಷೆಯ ಕ್ರಮಕ್ಕೂ ಶಾಸ್ತ್ರದಲ್ಲಿಯೇ ಆಧಾರವುಂಟು. ಶಬ್ದಾಲಂಕಾರವೋ ಅರ್ಥಾಲಂಕಾರವೋ ಎಂಬ ಸಂಶಯ ಬಂದಾಗ ಮಮ್ಮಟಾದಿಗಳು ಒಂದು ಪದವನ್ನು ತೆಗೆದು ಅದರ ಪರ್ಯಾಯವನ್ನಿಟ್ಟು, ಅಲಂಕಾರವು ಉಳಿಯುವುದೇ ಅಳಿಯುವುದೇ ಎಂದು ನೋಡಿ ನಿರ್ಣಯಿಸುತ್ತಾರೆ. ಇದೇ ಪರ್ಯಾಯಪರಿವೃತ್ತಿಯನ್ನು ಎಂಟನೆಯ ತರಗತಿಯ ಬಾಲಕನೂ ಮಾಡಬಲ್ಲನು. ‘ಸಮಾನಾರ್ಥಕಗಳನ್ನು ಬರೆಯಿರಿ’ ಎಂಬುದರ ಬದಲು, ‘ಅಚ್ಚುಕಟ್ಟಾದ ಬರವಣಿಗೆ’ ಎಂಬಲ್ಲಿ ‘ಬೆಡಗಿನ ಬರವಣಿಗೆ’ ಎಂದರೆ ಏನು ಕೆಟ್ಟಿತು, ಏನು ಹೊಸದಾಗಿ ಬಂದಿತು ಎಂದು ಕೇಳಲಿ. ಉತ್ತರವು ಎರಡು ವಾಕ್ಯವಿರಲಿ. ಅಂಕಗಳನ್ನು ಶಬ್ದಕ್ಕೆ ಕೊಡದೆ ಕಾರಣಕ್ಕೆ ಕೊಡಲಿ. ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯು ತನ್ನ ಮನೆಯ ಕಸುಬಿನಲ್ಲಿ, ಮಗ್ಗವಾಗಲಿ ಗದ್ದೆಯಾಗಲಿ ರೇಷ್ಮೆಹುಳುವಿನ ಚಂದ್ರಂಕಿಯಾಗಲಿ, ಚೆಲುವನ್ನು ಹೇಳುವ ಮಾತುಗಳನ್ನು ಹಿರಿಯರಿಂದ ಕೇಳಿ ಬರೆದು ತರಲಿ. ಘಾಟಿಯ ಜಾತ್ರೆಯಲ್ಲಿ ಎತ್ತುಗಳ ವಿಷಯವಾಗಿ ಆಡುವ ಮಾತುಗಳನ್ನು ಈ ರೀತಿಯಲ್ಲಿ ಕ್ರಮವಾಗಿ ಸಂಗ್ರಹಿಸಿದರೆ, ಪರಿಷತ್ತಿನ ಕೋಶಕ್ಕೆ ಮುಂದೆ ಎಂದಾದರೂ ಪರಿಶಿಷ್ಟವನ್ನು ಸೇರಿಸುವಾಗ ‘ಲಕ್ಷಣ’ದ ಕೆಳಗೆ ಕಾವ್ಯಪ್ರಯೋಗದ ಪಕ್ಕದಲ್ಲಿಯೇ ರೈತನ ಪ್ರಯೋಗವನ್ನೂ ಹಾಕಲು ಅನುಕೂಲವಾಗುವುದು.